ಟೇಲರ್ ಅಂದ್ರೆ ಯಾವ ಟೇಲರ್?

ಫಸ್ಟ್ ಇಯರ್ ಮ್ಯಾಥ್ಸಲ್ಲಿ ಟೇಲರ್ ಸೀರೀಸ್. ಫ್ಲೂಯಿಡ್ಸಲ್ಲಿ ಸ್ವಲ್ಪ ಮುಂದೆ ಹೋದ್ರೆ ಟೇಲರ್ ನಂಬರ್. ಮ್ಯಾನೇಜ್‌ಮೆಂಟ್ ಪೇಪರಲ್ಲಿ ಮತ್ತೆ ಟೇಲರ್. ಎಲ್ಲಾ ಒಬ್ಬನೇ ಪುಣ್ಯಾತ್ಮನ ಕೆಲಸ ಅಂದ್ಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಲ್ಲ ಕಣ್ರೀ! ಬಟ್ಟೆ ಹೊಲಿಯೋ ಕಸುಬಿನಿಂದ ಬಂದ ಅಡ್ಡಹೆಸರು ಅದು, ನಮ್ಮ ಬಡಿಗೇರ, ಪತ್ತಾರ, ಕುಂಬಾರ ಇದ್ದ ಹಾಗೆ. ಹೆಸರು ಒಂದೇ ಆದ ಮಾತ್ರಕ್ಕೆ ನೆಂಟಸ್ತಿಕೆ ಇರಬೇಕಿಲ್ಲ.

ಸೀರೀಸಿನವನು ಬ್ರೂಕ್ ಟೇಲರ್, 1715ರಲ್ಲಿ ಪ್ರಕಟಿಸಿದ. (ಸೈನ್, ಕೊಸೈನ್ ಸರಣಿಗಳನ್ನು ಕೇರಳದ ಮಾಧವ ಅದಕ್ಕಿಂತ ಮುನ್ನೂರು ವರ್ಷ ಮೊದಲೇ ಕಂಡುಕೊಂಡಿದ್ದ. ಆ ಜಗಳ ಇನ್ನೊಂದು ಸಂಚಿಕೆಗಿರಲಿ.) ಫ್ಲೂಯಿಡ್ಸಿನವನು ಜಿ.ಐ. ಟೇಲರ್, ಬೂಲಿಯನ್ ಆಲ್ಜೀಬ್ರಾದ ಜಾರ್ಜ್ ಬೂಲ್‌ನ ಮಗಳ ಮಗ. 1945ರ ಮೊದಲ ಅಣುಬಾಂಬ್ ಪರೀಕ್ಷೆಯ ಫೋಟೋಗಳಲ್ಲಿ ಬೆಂಕಿಯುಂಡೆ ಬೆಳೆದದ್ದನ್ನು ಅಳೆದು, ಸ್ಫೋಟದ ಶಕ್ತಿ ಎಷ್ಟೂಂತ ಲೆಕ್ಕ ಹಾಕಿದ. ನಾವು ಎರಡು ಮಾರ್ಕಿಗೆ ಓದಿ ಮರೆಯೋ ಡೈಮೆನ್ಷನಲ್ ಅನಾಲಿಸಿಸ್ ಇದೆಯಲ್ಲ, ಅದರ ತಾಕತ್ತು ಇದು.

ಸಿಲೆಬಸ್ಸಿನಲ್ಲಿಲ್ಲದ ಇನ್ನೊಬ್ಬ ಟೇಲರ್ ನಮ್ಮ ಯಾದಗಿರಿ ಜಿಲ್ಲೆಯ ಸುರಪುರದಲ್ಲಿದ್ದ. ಮೆಡೋಸ್ ಟೇಲರ್, ಬಾಲಕ ರಾಜ ವೆಂಕಟಪ್ಪ ನಾಯಕನ ಆಡಳಿತ ನೋಡಿಕೊಳ್ಳಲು ಬಂದ ಬ್ರಿಟಿಷ್ ಅಧಿಕಾರಿ, ಕಾದಂಬರಿಕಾರ ಕೂಡ. ಅವನಿದ್ದ ಟೇಲರ್ ಮಂಜಿಲ್ ಅಲ್ಲಿ ಈಗಲೂ ಇದೆ. ಅದೇ ರಾಜ ದೊಡ್ಡವನಾಗಿ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ.

ನನ್ನ ತಕರಾರು ಇರೋದು ಮ್ಯಾನೇಜ್‌ಮೆಂಟ್ ಟೇಲರ್ ಬಗ್ಗೆ. ಅಮೆರಿಕದ ಫ್ರೆಡರಿಕ್ ವಿನ್ಸ್ಲೋ ಟೇಲರ್, ಸ್ಟಾಪ್‌ವಾಚ್ ಹಿಡಿದು ಕೂಲಿಗಳ ಕೆಲಸ ಅಳೆದವನು. 1911ರ ಪುಸ್ತಕದಲ್ಲಿ ಅವನ ಹೆಮ್ಮೆಯ ಉದಾಹರಣೆ 'ಶ್ಮಿಟ್' ಅನ್ನೋ ಕೂಲಿ. ದಿನಕ್ಕೆ ಹನ್ನೆರಡೂವರೆ ಟನ್ ಕಬ್ಬಿಣ ಹೊರುತ್ತಿದ್ದವನು 47 ಟನ್ ಹೊತ್ತನಂತೆ. ಕೂಲಿ ಏರಿದ್ದು 1.15 ಡಾಲರಿನಿಂದ 1.85ಕ್ಕೆ. ಹೊರೆ ಮೂರೂಮುಕ್ಕಾಲು ಪಟ್ಟು, ಸಂಬಳ ಒಂದೂವರೆ ಪಟ್ಟು ಚಿಲ್ಲರೆ, ಲೆಕ್ಕ ನೀವೇ ಹಾಕಿ. ಈ ಕೆಲಸಕ್ಕೆ ಎತ್ತಿನಂಥ ಬುದ್ಧಿಯವನೇ ಸರಿ ಅಂತಲೂ ಬರೆದ. ಅದೇ ವರ್ಷ ವಾಟರ್‌ಟೌನ್ ಶಸ್ತ್ರಾಗಾರದಲ್ಲಿ ಸ್ಟಾಪ್‌ವಾಚ್ ವಿರುದ್ಧ ಕೆಲಸಗಾರರು ಮುಷ್ಕರ ಹೂಡಿದರು.

ನಮ್ಮ ನೋಟ್ಸಿನಲ್ಲಿ ಮಾತ್ರ ಇದ್ಯಾವುದೂ ಇಲ್ಲ. 'ಟೇಲರ್‌ನ ತತ್ವಗಳು, ಅನುಕೂಲಗಳು', ಅಷ್ಟೇ. ನಾಳೆ ನಮ್ಮಲ್ಲಿ ಕೆಲವರು ಟಾರ್ಗೆಟ್ ಹಾಕೋ ಸೀಟಲ್ಲಿ ಕೂರ್ತೀವಿ, ಉಳಿದವರು ಅದರ ಕೆಳಗೆ ಬೆವರ್ತೀವಿ. ಬೋರ್ಡ್ ಮೇಲೆ ಪೂರ್ತಿ ಹೆಸರು ಬರೆದು, ಕೂಲಿಯ ಕಡೆಯ ಕಥೆಯನ್ನೂ ಹತ್ತು ನಿಮಿಷ ಹೇಳಿದ್ರೆ ಪೋರ್ಷನ್ ಏನೂ ನಿಂತುಹೋಗಲ್ಲ. ಅಂದಹಾಗೆ, ಶ್ಮಿಟ್ ಅನ್ನೋದು ಪುಸ್ತಕಕ್ಕಾಗಿ ಇಟ್ಟ ಹೆಸರು. ಅವನ ನಿಜವಾದ ಹೆಸರು ಹೆನ್ರಿ ನಾಲ್. ಮುಂದಿನ ಸಲ ಆ ಪ್ರಶ್ನೆ ಬಂದ್ರೆ ಅದನ್ನೂ ಬರೀರಿ, ಮಾರ್ಕ್ಸಿಗೆ ಗ್ಯಾರಂಟಿ ಕೊಡಲ್ಲ.