ಈ ವಯಸ್ಸಿಗೇ ಲಕ್ವಾನಾ?

‘ಈ ವಯಸ್ಸಿಗೆಲ್ಲ ಲಕ್ವ ಹೊಡೆಯುತ್ತಾ? ಸುಮ್ನಿರ್ರೇ, ರಾತ್ರಿಯೆಲ್ಲ ನಿದ್ದೆಗೆಟ್ಟು ಓದಿದ್ದಾಳೆ, ಅಷ್ಟೆ!’

ಅಂದು ಬೆಳಿಗ್ಗೆ ಹಾಸ್ಟೆಲ್‌ನಲ್ಲಿ ಹೀಗೆಂದವರಲ್ಲಿ ನಾನೂ ಒಬ್ಬಳು. ನನ್ನ ರೂಮಿನ ಸೀನಿಯರ್ ಅಕ್ಕನ ಕೈಯಿಂದ ಚಹಾ ಲೋಟ ಜಾರಿತ್ತು, ಮಾತು ತೊದಲುತ್ತಿತ್ತು. ಗ್ಲೂಕೋಸ್ ನೀರು ಕುಡಿಸಿ, ಮಲಗಿಸಿ ಕ್ಲಾಸಿಗೆ ಹೋದೆವು. ಮಧ್ಯಾಹ್ನ ಬಂದು ನೋಡಿದರೆ ಅವಳಿಗೆ ಬಲಗೈ ಎತ್ತಲು ಆಗುತ್ತಿರಲಿಲ್ಲ. ವಯಸ್ಸು ಬರೀ 21.

‘ಬೇರೆ ಏನಾದ್ರೂ ಕಾಯಿಲೆ ಇದೆಯಾ? ಯಾವ ಮಾತ್ರೆ ತಗೊಳ್ತಾರೆ?’ ಡಾಕ್ಟರ್ ಕೇಳಿದರು. ಎರಡು ವರ್ಷ ಜೊತೆಗಿದ್ದ ನನಗೆ ಉತ್ತರ ಗೊತ್ತಿರಲಿಲ್ಲ. ಅವಳು ನುಂಗುತ್ತಿದ್ದುದನ್ನು ವಿಟಮಿನ್ ಮಾತ್ರೆ ಎಂದೇ ನಂಬಿದ್ದೆ. ಸಂಜೆ ಅವಳಮ್ಮ ಫೋನಿಗೆ ಸಿಕ್ಕ ಮೇಲೆ ತಿಳಿಯಿತು, ಅದು ಲೂಪಸ್.

ರೋಗಾಣುಗಳ ಜೊತೆ ಹೋರಾಡಬೇಕಾದ ರೋಗನಿರೋಧಕ ಶಕ್ತಿ ನಮ್ಮ ದೇಹದ ಮೇಲೆಯೇ ತಿರುಗಿ ಬೀಳುವ ಕಾಯಿಲೆ ಇದು. ಹತ್ತರಲ್ಲಿ ಸುಮಾರು ಒಂಬತ್ತು ರೋಗಿಗಳು ಹೆಣ್ಣುಮಕ್ಕಳು. ಹೆಚ್ಚಾಗಿ ಕಾಣಿಸಿಕೊಳ್ಳುವುದು 15ರಿಂದ 45ರ ವಯಸ್ಸಿನಲ್ಲಿ, ಅಂದರೆ ನಮ್ಮದೇ ವಯಸ್ಸಿನಲ್ಲಿ. ಲೂಪಸ್ ಇದ್ದವರಿಗೆ ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಆಗುವುದೇ ಹೆಚ್ಚು. ಅಪರೂಪಕ್ಕೆ ಮಿದುಳಿನ ರಕ್ತನಾಳಗಳಲ್ಲಿಯೇ ಉರಿಯೂತವಾಗುತ್ತದೆ. ಪೈಪಿನೊಳಗೆ ಕಸ ಕಟ್ಟುವುದು ಬೇರೆ, ಪೈಪಿನ ಗೋಡೆಯೇ ಊದಿ ದಾರಿ ಮುಚ್ಚುವುದು ಬೇರೆ. ಅಕ್ಕನಿಗೆ ಆಗಿದ್ದು ಎರಡನೆಯದು.

ಚಿಕಿತ್ಸೆಯೂ ಬೇರೆಯೇ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಉರಿಯೂತವಾದರೆ ಸ್ಟೆರಾಯ್ಡ್ ಮತ್ತು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಬೇಕು. ಹಾಗಾಗಿ ‘ಇವಳಿಗೆ ಲೂಪಸ್ ಇದೆ’ ಎಂಬ ಒಂದೇ ಮಾತು ಡಾಕ್ಟರಿಗೆ ದಾರಿ ತೋರಿಸುತ್ತದೆ. ಆ ಮಾತು ಹೇಳಲು ಅಂದು ಅಲ್ಲಿ ಯಾರೂ ಇರಲಿಲ್ಲ.

ಅವಳೇಕೆ ಮುಚ್ಚಿಟ್ಟಳು? ಕಾಯಿಲೆ ಇದೆ ಎಂದು ಗೊತ್ತಾದರೆ ಕೆಲಸ ಕೊಡುವುದಿಲ್ಲ ಎಂಬ ಭಯ. ಸ್ಟೆರಾಯ್ಡ್‌ನಿಂದ ಮುಖ ಊದಿದೆ ಎಂದು ಪ್ಲೇಸ್‌ಮೆಂಟ್ ಇಂಟರ್‌ವ್ಯೂಗೆ ಮುಂಚೆ ಮಾತ್ರೆಯನ್ನೂ ನಿಲ್ಲಿಸಿದ್ದಳಂತೆ. ಡಾಕ್ಟರನ್ನು ಕೇಳದೆ ಹೀಗೆ ನಿಲ್ಲಿಸುವುದು ಎಷ್ಟು ಅಪಾಯ ಎಂದು ಆಮೇಲೆ ತಿಳಿಯಿತು. ಅವಳನ್ನಷ್ಟೇ ದೂರಿದರೆ ತಪ್ಪಾಗುತ್ತದೆ. ಬಿಸಿಲಿಗೆ ಬರುವುದಿಲ್ಲ ಎಂದಾಗ ‘ಮಹಾರಾಣಿ’ ಎಂದು, ಸುಸ್ತು ಎಂದಾಗ ‘ಸೋಮಾರಿ’ ಎಂದು ಛೇಡಿಸಿದವರು ನಾವೇ. ಬಿಸಿಲು, ಸುಸ್ತು ಎರಡೂ ಲೂಪಸ್ ಇರುವವರ ನಿತ್ಯದ ಪಾಡು. ಹೀಗೆ ನಗುವವರ ಮುಂದೆ ಯಾರು ತಾನೇ ಕಾಯಿಲೆ ಹೇಳಿಕೊಳ್ಳುತ್ತಾರೆ?

ಎಲ್ಲರಿಗೂ ಸಾರಬೇಕಿಲ್ಲ. ಜೊತೆಗಿರುವ ಒಬ್ಬರಿಗೆ ತಿಳಿದಿದ್ದರೆ ಸಾಕು. ಉಳಿದ ನಾವು ನೆನಪಿಡಬೇಕಾದದ್ದು ಇಷ್ಟೆ: ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಜೋತುಬಿದ್ದರೆ, ಮಾತು ತೊದಲಿದರೆ ಮಲಗಿಸಬೇಡಿ, ವಯಸ್ಸನ್ನೂ ನೋಡಬೇಡಿ. 108ಕ್ಕೆ ಕರೆ ಮಾಡಿ.

ಅಕ್ಕ ಈಗ ಊರಿನಲ್ಲಿ ಫಿಸಿಯೋಥೆರಪಿ ಮಾಡಿಸಿಕೊಳ್ಳುತ್ತಾ ಮತ್ತೆ ಪೆನ್ನು ಹಿಡಿಯಲು ಕಲಿಯುತ್ತಿದ್ದಾಳೆ. ನಮ್ಮ ರೂಮಿನ ಬಾಗಿಲ ಹಿಂದೆ ನಾವು ಮೂವರ ಕಾಯಿಲೆ, ಮಾತ್ರೆ, ಮನೆಯ ನಂಬರ್ ಬರೆದ ಚೀಟಿಯಿದೆ. ನಿಮ್ಮ ರೂಮಿನಲ್ಲಿ?