ಕೊಳಲು ಹಿಡಿದವನ ಮೇಲೆ ಯಾಕಿಷ್ಟು ಸಿಟ್ಟು?

ಅಟ್ಲಾಂಟಾದ ಹಿಪ್ ಹಾಪ್ ಜೋಡಿ ಔಟ್‌ಕಾಸ್ಟ್‌ನ ಕೊನೆಯ ಆಲ್ಬಂ ಬಂದದ್ದು 2006ರಲ್ಲಿ. ಆ ಜೋಡಿಯ ಒಬ್ಬನಾದ ಆಂಡ್ರೆ 3000 ತನ್ನೊಬ್ಬನ ಹೆಸರಿನಲ್ಲಿ ಮೊದಲ ಆಲ್ಬಂ ತರಲು ಮತ್ತೆ 17 ವರ್ಷ ತೆಗೆದುಕೊಂಡ. ಅಷ್ಟು ವರ್ಷ ಕಾದವರು 2023ರ ನವೆಂಬರ್‌ನಲ್ಲಿ ‘ನ್ಯೂ ಬ್ಲೂ ಸನ್’ ಹಾಕಿಕೊಂಡು ಕೂತರೆ ಕೇಳಿಸಿದ್ದು ಕೊಳಲು. ಎಂಟು ರಚನೆ, 87 ನಿಮಿಷ, ರ‍್ಯಾಪಿನ ಒಂದು ಸಾಲೂ ಇಲ್ಲ.

ಬೈದವರು ಬಹಳ. ಮೊದಲ ದಿನ ನಾನೂ ಹತ್ತು ನಿಮಿಷಕ್ಕೆ ನಿಲ್ಲಿಸಿದವನೇ. ಆದರೆ ಆ ಬೈಗುಳಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ನೋಡಿದರೆ ಯಾವುದೂ ನಿಲ್ಲುವುದಿಲ್ಲ ಎಂಬುದು ನನ್ನ ವಾದ.

ಮೊದಲನೆಯದು, ಮೋಸ ಮಾಡಿದ ಎಂಬುದು. ಯಾರಿಗೆ ಮೋಸ? ಇದರಲ್ಲಿ ರ‍್ಯಾಪ್ ಇಲ್ಲ ಎಂಬ ಎಚ್ಚರಿಕೆಯನ್ನು ಆಲ್ಬಂ ಜೊತೆಗೇ ಕೊಟ್ಟಿದ್ದ. ಮೊದಲ ರಚನೆಯ ಉದ್ದನೆಯ ಹೆಸರೇ ಒಂದು ಕ್ಷಮಾಪಣೆಯಂತಿದೆ: ರ‍್ಯಾಪ್ ಆಲ್ಬಂ ಮಾಡುವ ಆಸೆ ನಿಜಕ್ಕೂ ಇತ್ತು, ಆದರೆ ಈ ಸಲ ಗಾಳಿ ನನ್ನನ್ನು ಒಯ್ದದ್ದು ಈ ಕಡೆಗೆ ಎಂಬರ್ಥದ್ದು. 12 ನಿಮಿಷ 20 ಸೆಕೆಂಡಿನ ಆ ರಚನೆ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ 90ನೇ ಜಾಗಕ್ಕೆ ಬಂದು, ಆ ಪಟ್ಟಿ ಅಲ್ಲಿಯವರೆಗೆ ಕಂಡ ಅತಿ ದೀರ್ಘ ರಚನೆಯಾಯಿತು. ಬೋರ್ಡು ಓದದೆ ಒಳಗೆ ಹೋದವರು ಅಂಗಡಿಯವನ ಮೇಲೆ ರೇಗಿದರೆ ಹೇಗೆ?

ಎರಡನೆಯದು, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುವ ಜಾತಿಯದು. ರ‍್ಯಾಪ್ ಮಾಡುವ ಕಸುವು ಮುಗಿಯಿತು, ಅದಕ್ಕೇ ಕೊಳಲು ಎಂದರು. ಹಾಗೆಂದವರು ಅದೇ ವರ್ಷ ಬಂದ ಕಿಲ್ಲರ್ ಮೈಕ್‌ನ ‘ಸೈಂಟಿಸ್ಟ್ಸ್ ಆಂಡ್ ಎಂಜಿನಿಯರ್ಸ್’ ಕೇಳಿಲ್ಲ. ಅದರಲ್ಲಿ ಆಂಡ್ರೆಯ ರ‍್ಯಾಪ್ ಇದೆ. 2024ರ ಫೆಬ್ರುವರಿಯಲ್ಲಿ ಅತ್ಯುತ್ತಮ ರ‍್ಯಾಪ್ ಹಾಡಿನ ಗ್ರ್ಯಾಮಿ ಸಿಕ್ಕಿದ್ದು ಅದಕ್ಕೇ. ಕಸುವಿಗೆ ಏನೂ ಆಗಿರಲಿಲ್ಲ. ಒಂದು ಇಡೀ ಆಲ್ಬಮಿಗಾಗುವಷ್ಟು ಮಾತು ತನ್ನಲ್ಲಿಲ್ಲ ಎಂದು ಅವನಿಗೆ ಅನಿಸಿತ್ತು, ಅಷ್ಟೇ.

ಇದನ್ನು ಅವನೇ ಸಂದರ್ಶನದಲ್ಲಿ ಹೇಳಿದ. ನನಗೀಗ 48 ವರ್ಷ, ಕರುಳಿನ ತಪಾಸಣೆ, ಮಂಜಾಗುತ್ತಿರುವ ಕಣ್ಣು, ಇವನ್ನೆಲ್ಲ ರ‍್ಯಾಪ್ ಮಾಡಲೇ ಎಂಬ ಧಾಟಿಯಲ್ಲಿ. ಅದನ್ನು ಕೇಳಿ ಲಿಲ್ ವೇಯ್ನ್‌ನಂಥ ದೊಡ್ಡ ರ‍್ಯಾಪರ್‌ಗೇ ಬೇಸರವಾಯಿತು. ನನಗೆ ಮಾತ್ರ 1995 ನೆನಪಾಯಿತು. ನ್ಯೂಯಾರ್ಕಿನ ಸೋರ್ಸ್ ಪ್ರಶಸ್ತಿ ಸಮಾರಂಭ. ಹಿಪ್ ಹಾಪ್ ಅಂದರೆ ಪೂರ್ವ ಕರಾವಳಿ, ಇಲ್ಲವೇ ಪಶ್ಚಿಮ ಕರಾವಳಿ ಎಂದು ಜಗಳ ಹತ್ತಿದ್ದ ಕಾಲ. ದಕ್ಷಿಣದಿಂದ ಬಂದ ಈ ಇಬ್ಬರು ಹುಡುಗರಿಗೆ ಪ್ರಶಸ್ತಿ ಘೋಷಣೆಯಾದಾಗ ಸಭೆ ಹೋ ಎಂದು ಕೂಗಿ ಅಣಕಿಸಿತು. ಆಗ 20 ವರ್ಷದ ಆಂಡ್ರೆ ಮೈಕಿನ ಮುಂದೆ ನಿಂತು, ದಕ್ಷಿಣದವರಿಗೂ ಹೇಳುವುದಿದೆ ಎಂದ. ಇಂದಿಗೂ ಅಟ್ಲಾಂಟಾದ ರ‍್ಯಾಪರ್‌ಗಳು ಆ ಒಂದು ಮಾತಿನ ಋಣವನ್ನು ನೆನೆಯುತ್ತಾರೆ.

ಹೇಳುವುದಿದ್ದಾಗ ಅಣಕಿಸುವ ಸಭೆಯ ಮುಂದೆ ಹೇಳಿದವನು, ಹೇಳುವುದಿಲ್ಲದಾಗ ಕಾದು ಕೂತ ಸಭೆಯ ಮುಂದೆ ಇಲ್ಲ ಎಂದ. ಇವೆರಡೂ ಒಂದೇ ನಿಯತ್ತು. ಎರಡನೆಯದು ಇನ್ನೂ ಕಷ್ಟದ್ದು ಎಂದು ನಾನು ತಿಳಿದಿದ್ದೇನೆ. ಏಕೆಂದರೆ ಅಣಕಿಸುವವರನ್ನು ಎದುರಿಸಲು ಸಿಟ್ಟು ಸಾಕು, ಪ್ರೀತಿಸುವವರನ್ನು ನಿರಾಸೆಗೊಳಿಸಲು ಸಿಟ್ಟು ಸಾಲದು. ಹಿಪ್ ಹಾಪ್ ಸದಾ ಬಯಸುವುದು ಸಾಚಾತನವನ್ನು. ಸುಳ್ಳು ಸಾಲು ಬರೆಯಲಾರೆ ಎಂದವನನ್ನೇ ಅದು ಹೊರಗಟ್ಟುವುದಾದರೆ ಆ ಮಾತಿಗೆ ಅರ್ಥವೇನು?

ವಯಸ್ಸನ್ನೂ ರ‍್ಯಾಪ್ ಮಾಡಬಹುದಲ್ಲ ಎಂಬ ಆಕ್ಷೇಪಕ್ಕೆ ಬಲವಿದೆ. 2017ರಲ್ಲಿ 47ರ ಜೇ-ಝೀ ‘4:44’ ಆಲ್ಬಂನಲ್ಲಿ ತನ್ನ ದಾಂಪತ್ಯದ್ರೋಹ, ತಾಯಿಯ ಬದುಕು ಎಲ್ಲವನ್ನೂ ತಂದ. ದೊಡ್ಡ ಕೆಲಸ. ಆದರೆ ಅವನಿಗೆ ಅದು ಮಾತಾಗಿ ಬಂತು, ಇವನಿಗೆ ಉಸಿರಾಗಿ ಬಂತು. ಒಬ್ಬನ ದಾರಿ ಇನ್ನೊಬ್ಬನಿಗೆ ಕಟ್ಟಳೆಯಾಗಬೇಕಿಲ್ಲ.

ಹಳೆಯ ಆಂಡ್ರೆ ಬೇಕು ಎನ್ನುವವರನ್ನು ಕೇಳಬೇಕು: ಯಾವ ಹಳೆಯವನು? 1994ರಲ್ಲಿ ಕ್ಯಾಡಿಲಾಕ್ ಕಾರಿನ ಮೋಜಿನಲ್ಲಿದ್ದ ಹುಡುಗನೇ? 1996ರ ಹೊತ್ತಿಗೆ ತಲೆಗೆ ರುಮಾಲು ಸುತ್ತಿ, ಬೇರೆ ಗ್ರಹದಿಂದ ಇಳಿದವನಂತೆ ಮಾತಾಡಿದವನೇ? 2003ರ ‘ದ ಲವ್ ಬಿಲೋ’ದಲ್ಲಿ ರ‍್ಯಾಪನ್ನು ಬಹುಪಾಲು ಬದಿಗಿಟ್ಟು ಹಾಡಲು ಹೊರಟವನೇ? ಅವನ ‘ದ ಲವ್ ಬಿಲೋ’ ಮತ್ತು ಜೊತೆಗಾರ ಬಿಗ್ ಬಾಯ್‌ನ ‘ಸ್ಪೀಕರ್‌ಬಾಕ್ಸ್’ ಸೇರಿದ ಜೋಡಿ ಆಲ್ಬಂ 2004ರಲ್ಲಿ ವರ್ಷದ ಆಲ್ಬಂ ಗ್ರ್ಯಾಮಿ ಗೆದ್ದಿತು. ನೀವು ಪ್ರೀತಿಸಿದ್ದು ಬದಲಾಗುತ್ತಲೇ ಇದ್ದವನನ್ನು. ಇವತ್ತು ಬದಲಾಗಬೇಡ ಎಂದರೆ ಹೇಗೆ?

ಉಳಿದದ್ದು ಕೊನೆಯ ಆರೋಪ, ಎಲ್ಲಕ್ಕಿಂತ ನ್ಯಾಯವಾದದ್ದು. ತರಬೇತಿಯಿಲ್ಲದವನು ಕೊಳಲೂದಿದರೆ ಜಗತ್ತೇ ಕಿವಿಗೊಡುತ್ತದೆ, ಜೀವಮಾನವಿಡೀ ಸಾಧನೆ ಮಾಡಿದವರನ್ನು ಕೇಳುವವರಿಲ್ಲ. ಒಪ್ಪುತ್ತೇನೆ. ಹರಿಪ್ರಸಾದ್ ಚೌರಾಸಿಯಾರನ್ನು ಕೇಳಿ ಬೆಳೆದ ಕಿವಿಗೆ ಇವನ ಊದುವಿಕೆ ತಡವರಿಕೆಯಂತೆಯೇ ಕೇಳುತ್ತದೆ, ಕೆಲವು ಕಡೆ ರಚನೆ ಸುಮ್ಮನೆ ಎಳೆಯುತ್ತದೆ. ಆದರೆ ಅವನು ಪಂಡಿತನೆಂದು ಎಲ್ಲೂ ಹೇಳಿಕೊಂಡಿಲ್ಲ. ಇಲ್ಲಿ ಏಕವ್ಯಕ್ತಿ ಪ್ರದರ್ಶನವೂ ಇಲ್ಲ. ಕೆಲವರು ಒಟ್ಟಿಗೆ ಕೂತು, ಒಬ್ಬರನ್ನೊಬ್ಬರು ಆಲಿಸುತ್ತ ಆ ಕ್ಷಣಕ್ಕೆ ಹುಟ್ಟಿಸಿದ ನಾದವಿದು. ಕೀಬೋರ್ಡ್ ನುಡಿಸಿದ ಸೂರ್ಯ ಬೋಟೊಫಸೀನಾ ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ ಆಲಿಸ್ ಕೋಲ್ಟ್ರೇನ್ ಕಟ್ಟಿದ ಆಶ್ರಮದಲ್ಲಿ, ಆಕೆಯ ಭಜನೆಗಳ ನಡುವೆ. ಆಂಡ್ರೆಯನ್ನು ಹುಡುಕಿಕೊಂಡು ಬಂದ ನಾನು ಆ ದಾರಿಯಲ್ಲೇ ಆಲಿಸ್ ಕೋಲ್ಟ್ರೇನ್‌ಳ ಸಂಗೀತಕ್ಕೆ ತಲುಪಿದೆ. ಪ್ರಸಿದ್ಧಿ ಇದಕ್ಕಿಂತ ಕೆಟ್ಟ ಕೆಲಸಗಳಿಗೆ ಬಳಕೆಯಾಗಿದೆ.

2023 ಹಿಪ್ ಹಾಪ್‌ಗೆ 50 ತುಂಬಿದ ವರ್ಷವೂ ಹೌದು. 1973ರಲ್ಲಿ ಬ್ರಾಂಕ್ಸ್‌ನ ಹುಡುಗರು ಹುಟ್ಟಿಸಿದ ಈ ಕಲೆಗೆ ವಯಸ್ಸಾಗುವುದು ಹೇಗೆಂದು ಹೇಳಿಕೊಡಲು ಹಿರಿಯರಿರಲಿಲ್ಲ. ಈಗಿನವರೇ ಆ ಹಿರಿಯರು. ಅವರಲ್ಲಿ ಕೆಲವರು ಇಪ್ಪತ್ತರ ಮಾತನ್ನೇ ಐವತ್ತರಲ್ಲೂ ಆಡುತ್ತಾರೆ, ನಾವು ಮುಜುಗರದಿಂದ ಚಪ್ಪಾಳೆ ತಟ್ಟುತ್ತೇವೆ. ಒಬ್ಬನು ಹಾಗೆ ಮಾಡಲಿಲ್ಲ. ನಾಳೆ ಅವನು ರ‍್ಯಾಪ್ ಆಲ್ಬಂ ತಂದರೆ ಮೊದಲ ದಿನವೇ ಕೇಳುವವರಲ್ಲಿ ನಾನೂ ಇರುತ್ತೇನೆ. ತರದಿದ್ದರೆ ಅವನು ನನಗೆ ಸಾಲಗಾರನೇನಲ್ಲ.