ಟೈಲ್ಸ್ ಹೊಳಪು ಬಿಡಿ, ಮಾಳಿಗೆ ಹತ್ತಿ ನೋಡಿ

ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನ ಇಪ್ಪತ್ತು ಕಿಲೋಮೀಟರ್ ಹಾದಿಯ ಎರಡೂ ಬದಿ ಈಗ ಮನೆ ಮಾರುವ ಫಲಕಗಳೇ ಫಲಕಗಳು. ಅಮರಗೋಳ, ನವನಗರ, ರಾಯಾಪುರ, ಸತ್ತೂರು ದಾಟುವಷ್ಟರಲ್ಲಿ 'ಲೋ ಮೆಂಟೆನನ್ಸ್ ಮನೆ' ಎಂಬ ಮಾತು ಹತ್ತಾರು ಸಲ ಕಣ್ಣಿಗೆ ಬೀಳುತ್ತದೆ. ಕೆಲವರು ಇನ್ನೂ ಮುಂದೆ ಹೋಗಿ 'ಝೀರೋ ಮೆಂಟೆನನ್ಸ್' ಎಂದೇ ಬರೆಸಿದ್ದಾರೆ. ಈ ಊರಿನಲ್ಲಿ ಬಹಳ ವರ್ಷ ಸಿವಿಲ್ ಎಂಜಿನಿಯರ್ ಆಗಿ ದುಡಿದವಳು ನಾನು. ಈಚೆಗೆ ನನ್ನ ಕೆಲಸದ ದೊಡ್ಡ ಪಾಲು, ಮನೆ ಕೊಳ್ಳುವವರ ಜೊತೆ ಹೋಗಿ ಕಟ್ಟಿದ ಮನೆಯನ್ನು ನೋಡಿ ಹೇಳುವುದು. ಆ ಅನುಭವದ ಮೇಲೆ ಹೇಳುತ್ತೇನೆ: ನಿರ್ವಹಣೆ ಬೇಡದ ಮನೆ ಎಂಬುದು ಇಲ್ಲ. ಬೇಗ ಕೆಡದ, ಕೆಟ್ಟರೆ ನಮ್ಮೂರ ಗೌಂಡಿ, ಬಡಿಗೇರ, ಪ್ಲಂಬರ್ ಕೈಯಲ್ಲಿ ಸರಿಯಾಗುವ ಮನೆ ಮಾತ್ರ ಇದೆ. ಕೊಳ್ಳುವವರು ಕೇಳಬೇಕಾದ್ದು ಅದನ್ನೇ.

ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ರೇಲ್ವೆಯಿಂದಲೋ ಹೆಸ್ಕಾಂನಿಂದಲೋ ಕಾಲೇಜಿನಿಂದಲೋ ನಿವೃತ್ತರಾದವರು. ಮಕ್ಕಳು ಬೆಂಗಳೂರು, ಪುಣೆಯಲ್ಲಿರುತ್ತಾರೆ. ಇಡೀ ಜೀವಮಾನದ ಉಳಿತಾಯ ಒಂದು ಮನೆಗೆ ಹೋಗುತ್ತಿರುತ್ತದೆ. 'ಮೇಡಮ್ಮಾರ, ಯುಪಿವಿಸಿ ಕಿಡಕಿ ಅದಾವ್ರಿ, ವಿಟ್ರಿಫೈಡ್ ಟೈಲ್ಸ್ ಐತ್ರಿ, ಮಾಡ್ಯುಲರ್ ಅಡಿಗಿಮನಿ ಐತ್ರಿ, ಇನ್ನ ಹತ್ತ ವರ್ಷ ಚಿಂತಿಲ್ಲಂತ ಹೇಳ್ಯಾರ್ರಿ' ಎನ್ನುತ್ತಾರೆ. 'ಪಾಯಾ ಎಷ್ಟ ಆಳ ಐತಂತ ಕೇಳೀರೇನ್ರಿ? ಮಾಳಿಗಿ ಹತ್ತಿ ನೋಡೀರೇನ್ರಿ?' ಎಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕಿಟಕಿ, ಟೈಲ್ಸ್, ಅಡುಗೆಮನೆ ಮೂರನ್ನೂ ಮುಂದೊಂದು ದಿನ ಬದಲಿಸಬಹುದು. ಪಾಯವನ್ನು ಬದಲಿಸಲು ಆಗದು.

ಮೊದಲು ಮಣ್ಣಿನ ಮಾತು. ಹುಬ್ಬಳ್ಳಿಯಿಂದ ಪೂರ್ವಕ್ಕೆ ಕುಂದಗೋಳ, ನವಲಗುಂದದ ಕಡೆ ಹೊರಟರೆ ಎರೆಭೂಮಿ. ಧಾರವಾಡದಿಂದ ಪಶ್ಚಿಮಕ್ಕೆ ಹಳಿಯಾಳದ ಕಡೆ ಹೊರಟರೆ ಕೆಮ್ಮಣ್ಣು. ಅವಳಿ ನಗರ ಈ ಎರಡರ ಗಡಿಯಲ್ಲಿ ಕೂತಿದೆ. ಒಂದೇ ಬಡಾವಣೆಯ ಎರಡು ಸೈಟಿನ ಮಣ್ಣು ಬೇರೆಬೇರೆ ಇದ್ದುದನ್ನು ನಾನು ನೋಡಿದ್ದೇನೆ. ಎರೆಮಣ್ಣಿನ ಜೇಡಿಯಲ್ಲಿ ನೀರು ಕುಡಿದು ಉಬ್ಬುವ, ಒಣಗಿ ಕುಗ್ಗುವ ಗುಣವಿದೆ. ಏಪ್ರಿಲ್ ಹೊತ್ತಿಗೆ ಹೊಲದಲ್ಲಿ ಅಂಗೈ ಇಳಿಯುವಷ್ಟು ಅಗಲದ ಬಿರುಕು ಬಿಡುವ ಮಣ್ಣು ಇದೇ. ಅದರ ಮೇಲೆ ಮೂರ್ನಾಲ್ಕು ಅಡಿ ಪಾಯ ಹಾಕಿ ಗೋಡೆ ಎಬ್ಬಿಸಿದರೆ, ಮನೆ ಪ್ರತಿ ಮಳೆಗಾಲಕ್ಕೆ ಒಂದಿಷ್ಟು ಏಳುತ್ತದೆ, ಪ್ರತಿ ಬೇಸಿಗೆಗೆ ಒಂದಿಷ್ಟು ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುವ ಬಿರುಕು, ಚೌಕಟ್ಟಿಗೆ ಒತ್ತಿ ಹಿಡಿಯುವ ಬಾಗಿಲು, ನಡುಮನೆಯಲ್ಲಿ ಎದ್ದು ನಿಲ್ಲುವ ಟೈಲ್ಸ್, ಇವೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ಎಷ್ಟೇ ದುಬಾರಿ ಪುಟ್ಟಿ, ಎಷ್ಟೇ ಒಳ್ಳೆಯ ಬಣ್ಣ ಬಳಿದರೂ ಮುಂದಿನ ವರ್ಷ ಅದೇ ಗೆರೆ ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಡುತ್ತದೆ.

ಇದಕ್ಕೆ ಪರಿಹಾರ ಹೊಸದೇನಲ್ಲ. ಎರೆ ಪದರ ತೆಳುವಾಗಿದ್ದರೆ ಅದನ್ನು ಪೂರ್ತಿ ತೆಗೆದು ಕೆಳಗಿನ ಗಟ್ಟಿ ಗರಸಿನ ಮೇಲೆ ಪಾಯ ಕೂಡಿಸುತ್ತಾರೆ. ಆಳವಾಗಿದ್ದರೆ ಬುಡದಲ್ಲಿ ಗುಂಡಗೆ ಉಬ್ಬಿಸಿದ 'ಅಂಡರ್ ರೀಮ್ಡ್' ಪೈಲ್ ಇಳಿಸಿ, ಮೇಲೆ ಪ್ಲಿಂತ್ ಬೀಮ್ ಕಟ್ಟುತ್ತಾರೆ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ನಮ್ಮಂಥ ಎರೆ ಸೀಮೆಗಳಿಗಾಗಿಯೇ ರೂಢಿಗೆ ತಂದ ವಿಧಾನ ಇದು. ಪೈಲ್ ಸುಮಾರು ಮೂರೂವರೆ ಮೀಟರ್ ಇಳಿದರೆ, ಋತುವಿಗೆ ತಕ್ಕಂತೆ ಉಬ್ಬಿ ಕುಗ್ಗುವ ಪದರವನ್ನು ದಾಟಿ ಸ್ಥಿರವಾದ ಮಣ್ಣನ್ನು ಹಿಡಿದುಕೊಳ್ಳುತ್ತದೆ. ನೆಲ ತುಂಬಲು ಗರಸೇ ಬೇಕು, ಪಾಯ ಅಗೆದ ಎರೆಮಣ್ಣನ್ನೇ ಮತ್ತೆ ಒಳಗೆ ಸುರಿಯಬಾರದು. ಮನೆಯ ಸುತ್ತ ಹೊರಕ್ಕೆ ವಾಟ ಇರುವ ಫರಸಿ ಪಟ್ಟಿ ಇರಬೇಕು, ಮಳೆನೀರು ಗೋಡೆಯ ಬುಡಕ್ಕೆ ಇಳಿಯದ ಹಾಗೆ. ಗೆದ್ದಲಿನ ಔಷಧ ಪಾಯದ ಹಂತದಲ್ಲೇ ಹಾಕಿಸಿರಬೇಕು. ಇದರಲ್ಲಿ ಯಾವುದೂ ಮಾರಾಟದ ಹಾಳೆಯಲ್ಲಿ ಇರುವುದಿಲ್ಲ. ಕೇಳಿದರೆ ಮಾತ್ರ ತಿಳಿಯುತ್ತದೆ.

ಇನ್ನು ಮಳೆ. ಧಾರವಾಡದ ಆಷಾಢ–ಶ್ರಾವಣದ ಜಿಟಿಜಿಟಿ ಮಳೆ ಪಶ್ಚಿಮದ ಗಾಳಿಯನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ದಿನಗಟ್ಟಲೆ ಪಡುವಣ ಗೋಡೆ ಒಣಗುವುದೇ ಇಲ್ಲ. ಹಿಂದಿನವರು ಕಿಟಕಿಯ ಮೇಲೆ ಎರಡಡಿ ಛಜ್ಜಾ ಚಾಚುತ್ತಿದ್ದರು. ಈಗ 'ಎಲಿವೇಶನ್' ಚೆಂದ ಕಾಣಲಿ ಎಂದು ಛಜ್ಜಾ ಕತ್ತರಿಸಿ, ಪೆಟ್ಟಿಗೆಯ ಹಾಗೆ ನುಣ್ಣಗಿನ ಗೋಡೆ ಎಬ್ಬಿಸಿ, ಅದರ ಮೇಲೆ ಶೀಟೋ ಕಲ್ಲಿನ ತೆಳು ಹಲಗೆಯೋ ಅಂಟಿಸುತ್ತಾರೆ. ಹಲಗೆಯ ಸಂದಿನಲ್ಲಿ ನೀರು ಇಳಿಯುತ್ತದೆ. ಎಲ್ಲಿಂದ ಇಳಿಯಿತೆಂದು ಹೊರಗೆ ಗೊತ್ತಾಗುವುದಿಲ್ಲ. ಒಳಗೆ ಮಲಗುವ ಕೋಣೆಯ ಬಣ್ಣ ಹಕ್ಕಳೆ ಎದ್ದಾಗಲೇ ಗೊತ್ತಾಗುವುದು. ಆಗ ಹಲಗೆ ಕಿತ್ತರೆ ತಿರುಗಿ ಕೂಡಿಸಲು ಅದೇ ಬಣ್ಣದ್ದು ಸಿಗುವುದಿಲ್ಲ.

ಒಳ್ಳೆಯ ಛಜ್ಜಾದ ಕೆಳಮೈಯನ್ನು ಒಮ್ಮೆ ಕತ್ತೆತ್ತಿ ನೋಡಿ. ಅಂಚಿನಿಂದ ಎರಡು ಬೆರಳು ಒಳಗೆ, ಗಿಲಾವು ಹಸಿಯಿರುವಾಗಲೇ ಗೌಂಡಿ ಎಳೆದ ಕಿರುಬೆರಳು ಗಾತ್ರದ ಒಂದು ಗೀರು ಇರುತ್ತದೆ. ಅಂಚಿಗೆ ಬಂದ ಹನಿ ಕೆಳಮೈಗೆ ಅಂಟಿಕೊಂಡು ಗೋಡೆಯ ಕಡೆಗೆ ಹರಿಯಲು ನೋಡುತ್ತದೆ. ಗೀರಿನ ಬಳಿ ಅದಕ್ಕೆ ದಾರಿ ಕಡಿಯುತ್ತದೆ, ಅಲ್ಲೇ ತೊಟ್ಟಿಕ್ಕಿ ಕೆಳಗೆ ಬೀಳುತ್ತದೆ. ಈ ಗೀರಿಗೆ ಸಿಮೆಂಟು ಬೇಡ, ಹೆಚ್ಚಿನ ದುಡ್ಡೂ ಬೇಡ, ಗಮನವಿಟ್ಟು ಕೆಲಸ ಮಾಡುವ ಗೌಂಡಿ ಬೇಕು. ಗೋಡೆಯ ಬಣ್ಣ ಹೆಚ್ಚು ವರ್ಷ ಬಾಳುವುದು ಇಂಥದರಿಂದ. ಹೊಸ ಮನೆಗಳಲ್ಲಿ ನಾನು ಮೊದಲು ಹುಡುಕುವುದು ಇದನ್ನೇ, ಮತ್ತು ಬಹಳಷ್ಟು ಮನೆಗಳಲ್ಲಿ ಇದು ಇರುವುದಿಲ್ಲ.

ಮಾಳಿಗೆಯ ಮೇಲೆ ಒಂದು ಬಕೀಟು ನೀರು ಸುರಿಯಿರಿ. ನೀರು ಪೈಪಿನ ಬಾಯಿಯ ಕಡೆ ನಡೆದರೆ ಸರಿ. ನಡುವೆ ನಿಂತು ಹೊಂಡವಾದರೆ, ಆ ಸ್ಲ್ಯಾಬಿನ ಮೇಲೆ ಯಾವ ಕಂಪನಿಯ ವಾಟರ್‌ಪ್ರೂಫಿಂಗ್ ಬಳಿದಿದ್ದರೂ ನಾಲ್ಕಾರು ಮಳೆಗಾಲದ ಮೇಲೆ ಅದು ಸೋರುತ್ತದೆ. ನೂರು ಅಡಿಗೆ ಒಂದು ಅಡಿಯಷ್ಟಾದರೂ ವಾಟ ಇರಬೇಕು. ನನ್ನ ಮಟ್ಟಿಗೆ ಈ ಊರಿನ ಬಿಸಿಲು–ಮಳೆ ಎರಡಕ್ಕೂ ಹೊಂದುವ ಮಾಳಿಗೆಯ ಹೊದಿಕೆ ಬಿಳಿ ಚೈನಾ ಮೊಸಾಯಿಕ್. ಒಡೆದ ಬಿಳಿ ಟೈಲ್ಸ್ ತುಣುಕುಗಳನ್ನು ಒತ್ತಾಗಿ ಕೂಡಿಸಿದ್ದು ಅದು. ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಎಲ್ಲಿ ಕಿತ್ತಿತೋ ಅಲ್ಲಷ್ಟೇ ಸರಿಮಾಡಿದರೆ ಮುಗಿಯಿತು.

ಹಳೆಯದೆಲ್ಲ ಒಳ್ಳೆಯದು ಎನ್ನುವವಳಲ್ಲ ನಾನು. ನಮ್ಮ ಅಜ್ಜಿಯ ಕಾಲದ ಮೇಲ್ಮುದ್ದೆ ಮನೆ ತಂಪಾಗಿತ್ತು, ನಿಜ. ಆದರೆ ಮಿರಗಾ ಮಳೆ ಹತ್ತಿರವಾದಾಗ ಮಾಳಿಗೆಗೆ ಮಣ್ಣು ಹೊತ್ತು ಹಾಕಿ ಬಡಿಯುವ ಕೆಲಸ ಪ್ರತಿ ವರ್ಷ ತಪ್ಪುತ್ತಿರಲಿಲ್ಲ. ನೆಲ ಸಾರಿಸುವುದು ಹೆಂಗಸರ ಪಾಲಿಗೆ ಬಂದಿತ್ತು. 2019ರ ಆಗಸ್ಟ್ ಮಳೆಗೆ ನಮ್ಮ ಜಿಲ್ಲೆಯಲ್ಲಿ ಅದೆಷ್ಟೋ ಮಣ್ಣಿನ ಮನೆಗಳು ಕುಸಿದು ಬಿದ್ದುದನ್ನು ಕಂಡವರು, ಆ ಕಾಲ ಮರಳಿ ಬರಲಿ ಎಂದು ಬಯಸುವುದಿಲ್ಲ. ದುಡಿಮೆ ಕಡಿಮೆ ಮಾಡುವ ಸಾಮಾನು ಬಂದದ್ದು ಒಳ್ಳೆಯದೇ. ನಮಗೆ ಯಾವುದು ಒಗ್ಗುತ್ತದೆ ಎಂದು ನೋಡಿ ಆರಿಸಬೇಕು, ಅಷ್ಟೇ.

ಯುಪಿವಿಸಿ ಕಿಟಕಿ ನನಗೆ ಒಪ್ಪಿಗೆ. ತುಕ್ಕಿಲ್ಲ, ಗೆದ್ದಲಿಲ್ಲ, ಬಣ್ಣ ಬಳಿಯುವ ಗೋಜಿಲ್ಲ, ಹುಬ್ಬಳ್ಳಿಯ ಧೂಳೂ ಕಡಿಮೆ ಬರುತ್ತದೆ. ಆದರೆ ಕೆಳಗಿನ ಹಳಿಯಲ್ಲಿ ನೀರು ಹೊರಹೋಗುವ ರಂಧ್ರ ತೆರೆದಿರಬೇಕು. ಸರಿಯುವ ಗಾಲಿ, ಚಿಲಕ ಊರಿನ ಅಂಗಡಿಯಲ್ಲಿ ಸಿಗುತ್ತವೆಯೇ ಎಂದು ಕೇಳಿಕೊಳ್ಳಬೇಕು. ದಾಂಡೇಲಿ ಸಾಗವಾನಿಯ ಬಾಗಿಲನ್ನು ಬಡಿಗೇರರು ಮೂರು ತಲೆಮಾರು ಕೆತ್ತಿ, ಉಜ್ಜಿ, ಸರಿಮಾಡಿಕೊಟ್ಟಿದ್ದಾರೆ. ಬಿಡಿಭಾಗ ಸಿಗದ ಯುಪಿವಿಸಿ ಕಿಟಕಿಯನ್ನು ಇಡಿಯಾಗಿ ಕಿತ್ತೆಸೆಯಬೇಕಾಗುತ್ತದೆ.

ಅಡುಗೆಮನೆಯಲ್ಲಿ ಮೋಸ ಹೋಗುವವರೇ ಹೆಚ್ಚು. ಮೇಲೆ ಮಿನುಗುವ ಲ್ಯಾಮಿನೇಟ್ ಇದ್ದು ಒಳಗೆ ಪಾರ್ಟಿಕಲ್ ಬೋರ್ಡ್ ಇದ್ದರೆ, ಸಿಂಕಿನ ಕೆಳಗೆ ಒಂದು ಸಣ್ಣ ಸೋರಿಕೆ ಸಾಕು, ಬೋರ್ಡು ಊದಿಕೊಂಡು ಪುಡಿಯಾಗುತ್ತದೆ. ಐಎಸ್ 710 ಗುರುತಿನ ಪ್ಲೈವುಡ್ ಅಂದರೆ 72 ತಾಸು ಕುದಿಯುವ ನೀರಿನ ಪರೀಕ್ಷೆ ಗೆದ್ದದ್ದು. ಐಎಸ್ 303ರ ಸಾಮಾನ್ಯ ದರ್ಜೆಯದು ಸ್ವಲ್ಪ ತೇವವನ್ನಷ್ಟೇ ತಾಳುತ್ತದೆ. ಸಿಂಕಿನ ಕೆಳಗಿನ ಪೆಟ್ಟಿಗೆಯ ಬಾಗಿಲು ತೆಗೆದು ಹಲಗೆಯ ಅಂಚು ನೋಡಿ. ನನ್ನನ್ನು ಕೇಳಿದರೆ ಅಲ್ಲಿ ಹಲಗೆಯೇ ಬೇಡ, ಹಳೆಯ ಪದ್ಧತಿಯಂತೆ ಕಡಪಾ ಕಲ್ಲು ನಿಲ್ಲಿಸಿ ಬಾಗಿಲಷ್ಟೇ ಹಚ್ಚಿಸಿ.

ನೀರಿನ ಸಂಗತಿ ಇನ್ನೂ ಸೂಕ್ಷ್ಮ. ಮಲಪ್ರಭಾ ನೀರು ಬಾರದ ದಿನಗಳಲ್ಲಿ ನಾವು ಬೋರ್‌ವೆಲ್ ಮೇಲೆ ಬದುಕುವವರು, ಆ ನೀರು ಗಡಸು. ಕರಿ ಬಣ್ಣದ ನಲ್ಲಿ, ಗಾಜಿನ ಗೋಡೆ, ತಲೆಯ ಮೇಲಿನ ಅಗಲ ಶವರ್, ಎಲ್ಲದರ ಮೇಲೂ ಕೆಲವೇ ವಾರದಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ಅದನ್ನು ತೆಗೆಯಲೆಂದು ಬಾತ್‌ರೂಮ್ ಆ್ಯಸಿಡ್ ಸುರಿದರೆ ಟೈಲ್ಸ್ ನಡುವಿನ ಸಿಮೆಂಟು ತಿಂದುಹೋಗುತ್ತದೆ. ಶಹಾಬಾದ್ ಫರಸಿ, ಕಡಪಾ ಎರಡೂ ಸುಣ್ಣಕಲ್ಲೇ ಆದ್ದರಿಂದ ಅವೂ ಕೆಡುತ್ತವೆ. ಗೋಡೆಯೊಳಗೆ ಅಡಗಿಸಿದ ಫ್ಲಶ್ ಟ್ಯಾಂಕ್ ಈಗಿನ ಮೋಜು. ಅದರ ವಾಲ್ವಿನಲ್ಲಿ ಸುಣ್ಣ ಕಟ್ಟಿದರೆ ಕೈ ಹಾಕಲು ಜಾಗ ಇದೆಯೇ? ಗುಂಡಿಯ ಫಲಕ ಬಿಚ್ಚಿದರೆ ಒಳಗಿನದು ಕೈಗೆ ಸಿಗುವಂತಿದ್ದರೆ ಸರಿ, ಇಲ್ಲವಾದರೆ ಟೈಲ್ಸ್ ಒಡೆಯಲೇಬೇಕು.

ನೆಲದ ಬಗ್ಗೆ ನನಗೆ ಕೋಪವೇ ಇದೆ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ನೂರಕ್ಕೆ ಅರ್ಧ ಪಾಲಿಗಿಂತ ಕಡಿಮೆ, ಕಲೆ ಹಿಡಿಯದು, ಒರೆಸಲು ಹಗುರ, ಒಪ್ಪಿದೆ. ಆದರೆ ಕನ್ನಡಿಯಂತೆ ಹೊಳೆಯುವುದನ್ನೇ ನಡುಮನೆಗೂ ಬಚ್ಚಲಿನ ಬಾಗಿಲಿಗೂ ಹಾಸುತ್ತಾರೆ. ಒದ್ದೆಗಾಲಿನ ಹಿರಿಯರಿಗೆ ಅದಕ್ಕಿಂತ ಅಪಾಯದ ನೆಲ ಬೇರೆ ಇಲ್ಲ. ಹೊಸ ಮನೆಯ ಗೃಹಪ್ರವೇಶ ಮುಗಿದು ತಿಂಗಳೂ ಆಗದೆ, ನನಗೆ ಗೊತ್ತಿರುವ ಒಬ್ಬ ಅಜ್ಜಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಆಮೇಲೆ ಅವರು ಒಬ್ಬರೇ ಎದ್ದು ಅಡುಗೆಮನೆಗೆ ಹೋದದ್ದಿಲ್ಲ. ಆ ಮನೆ ಕೊಂಡಿದ್ದೇ ಅವರಿಗೆ ಕೆಲಸ ಹಗುರಾಗಲಿ ಎಂದು. ಒರಟು ಮೈಯ ಮ್ಯಾಟ್ ಟೈಲ್ಸ್ ಕೇಳಿ ಪಡೆಯಿರಿ. ಹಾಸಿದ ನೆಲವನ್ನು ಒಂದು ನಾಣ್ಯದಿಂದ ತಟ್ಟುತ್ತ ನಡೆಯಿರಿ, ಟೊಳ್ಳು ಸದ್ದು ಬಂದಲ್ಲಿ ಕೆಳಗೆ ಗಾರೆ ಕೂತಿಲ್ಲ ಎಂದರ್ಥ. ಮತ್ತು ಅದೇ ಲಾಟಿನ ಎರಡು ಪೆಟ್ಟಿಗೆ ಟೈಲ್ಸ್ ಹೆಚ್ಚಿಗೆ ತೆಗೆದಿಡಲು ಹೇಳಿ. ಗುಜರಾತಿನ ಮೋರ್ಬಿಯಿಂದ ಬರುವ ವಿನ್ಯಾಸಗಳು ಬೇಗ ಬದಲಾಗುತ್ತವೆ, ನಾಳೆ ಒಂದು ಒಡೆದರೆ ಜೋಡಿ ಸಿಗುವುದಿಲ್ಲ.

ಕಾನೂನು ಕೊಳ್ಳುವವರ ಕಡೆಗೆ ಇದೆ, ಒಂದು ಮಿತಿಯ ತನಕ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ 14ನೇ ಕಲಮಿನಂತೆ, ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡುಬಂದು ನೀವು ತಿಳಿಸಿದರೆ, ಕಟ್ಟಿದವರು ದುಡ್ಡು ಕೇಳದೆ 30 ದಿನಗಳಲ್ಲಿ ಸರಿಮಾಡಿಕೊಡಬೇಕು. ಆದರೆ 500 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ 5 ಗುಂಟೆ ಮೀರದ ಜಾಗದ, ಅಥವಾ 8 ಮನೆ ಮೀರದ ಯೋಜನೆಗೆ ಈ ಕಾಯ್ದೆಯಡಿ ನೋಂದಣಿ ಕಡ್ಡಾಯವಿಲ್ಲ. ನಮ್ಮಲ್ಲಿ ಮಾರಾಟವಾಗುವ 30–40, 30–50ರ ಸೈಟಿನ ರೆಡಿ ಮನೆಗಳು ಬಹುಪಾಲು ಈ ಅಂಚಿನ ಕೆಳಗೇ ಉಳಿಯುತ್ತವೆ. ಅಂಥ ಮನೆ ಕೊಳ್ಳುವವರು 5 ವರ್ಷದ ಹೊಣೆಯನ್ನು ಖರೀದಿ ಕರಾರಿನಲ್ಲೇ ಬರೆಸಿಕೊಳ್ಳಬೇಕು. ಬರೆದುಕೊಡಲು ಹಿಂದೆಗೆಯುವವರ ಮನೆಯನ್ನು ಕೊಳ್ಳಬೇಡಿ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಅವಶೇಷದಡಿಯಿಂದ ಜನರನ್ನು ಹೊರತೆಗೆಯುವ ಕೆಲಸ ದಿನಗಟ್ಟಲೆ ನಡೆದದ್ದನ್ನು ಈ ಊರು ಮರೆತಿಲ್ಲ. ಗೋಡೆಯ ಒಳಗೆ, ನೆಲದ ಕೆಳಗೆ ಏನಿದೆ ಎಂದು ತಿಳಿಯುವ ಹಕ್ಕು ಮನೆಯಲ್ಲಿ ಮಲಗುವವರಿಗೆ ಇರಬೇಕು. ಅದಕ್ಕೇ ನನ್ನ ಒತ್ತಾಯ ಇದು: ಮಹಾನಗರ ಪಾಲಿಕೆ, ಮಾರಲೆಂದು ಕಟ್ಟುವ ಪ್ರತಿ ಮನೆಗೂ, ಅದು ಎಷ್ಟೇ ಚಿಕ್ಕದಿರಲಿ, ಒಂದು ಕಾಗದದ ಕಟ್ಟು ಕಡ್ಡಾಯ ಮಾಡಲಿ. ಪಾಯದ ಆಳ ಮತ್ತು ಮಣ್ಣಿನ ಬಗೆ, ಸ್ಲ್ಯಾಬು ಹಾಕುವ ಮುನ್ನ ತೆಗೆದ ಕಬ್ಬಿಣದ ಫೋಟೋ, ನೀರು ಮತ್ತು ಕರೆಂಟಿನ ಪೈಪು ಗೋಡೆಯಲ್ಲಿ ಹಾದುಹೋದ ನಕ್ಷೆ, ಪ್ಲೈವುಡ್ಡಿನ ದರ್ಜೆ, ಬಣ್ಣದ ಸಂಖ್ಯೆ, ಮಾಳಿಗೆಗೆ ಎರಡು ದಿನ ನೀರು ಕಟ್ಟಿ ಪರೀಕ್ಷಿಸಿದ ದಿನಾಂಕ, ಇಷ್ಟು ಅದರಲ್ಲಿರಲಿ. ಈ ಕಟ್ಟಿನ ಒಂದು ಪ್ರತಿ ಪಾಲಿಕೆಯ ವಲಯ ಕಚೇರಿಯಲ್ಲಿ, ಇನ್ನೊಂದು ಕೊಂಡವರ ಕೈಯಲ್ಲಿ ಇರಲಿ. ಅದು ಸಲ್ಲಿಕೆಯಾಗುವ ತನಕ ಕಟ್ಟಡ ಪೂರ್ಣವಾಯಿತೆಂಬ ಪ್ರಮಾಣಪತ್ರ ಕೊಡಬಾರದು.